ತೋಟದ ಮನೆಯ ಹೋಮ್‌ಸ್ಟೇಗೆ ಬ್ಯಾಂಕಿನವರು ಮಾಡಿಸಿದ ಮನೆ ವಿಮೆ ಸಾಕೇ?

ನೀವು ಕೇಳಿದ್ದು ಇಷ್ಟು: ಮಡಿಕೇರಿ ಹತ್ತಿರ ತೋಟದ ಮನೆಯ ಮೂರು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದೀರಿ, ಗೃಹಸಾಲದ ಜೊತೆ ಬ್ಯಾಂಕು ಮಾಡಿಸಿದ ವಿಮೆ ಇದೆ. ಅದು ಸಾಕೇ, ಬರುವ ಅತಿಥಿಗಳೂ ಏನಾದರೂ ಮಾಡಿಸಿಕೊಳ್ಳಬೇಕೇ?

ಸಾಕಾಗುವುದಿಲ್ಲ. ಆ ಪಾಲಿಸಿ ಮನೆಗೆ ಮಾಡಿದ್ದು, ವ್ಯಾಪಾರಕ್ಕಲ್ಲ. ಮೊದಲು ಪಾಲಿಸಿಯ ಶೆಡ್ಯೂಲ್ ಪುಟ ತೆಗೆದು ಎರಡು ಸಾಲು ನೋಡಿ: ವಿಮಾ ಮೊತ್ತ ಎಷ್ಟು, ಕಟ್ಟಡದ ಬಳಕೆ ಏನೆಂದು ಬರೆದಿದೆ. ಬ್ಯಾಂಕು ಮಾಡಿಸಿದ ವಿಮೆಯಲ್ಲಿ ಎಷ್ಟೋ ಸಲ ಮೊತ್ತವು ಸಾಲದಷ್ಟೇ ಇರುತ್ತದೆ. ಸಾಲ 25 ಲಕ್ಷ ಇರಬಹುದು, ಆದರೆ 2,000 ಚದರ ಅಡಿಯ ಮನೆಯನ್ನು ಅಡಿಗೆ 2,200 ರೂಪಾಯಿಯಂತೆ ಮತ್ತೆ ಕಟ್ಟಲು 44 ಲಕ್ಷ ಬೇಕು. ಜಾಗದ ಬೆಲೆ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಕಟ್ಟುವ ಖರ್ಚು ಮಾತ್ರ. ಸಾಲ ತೀರುವ ತನಕ ಕ್ಲೇಮಿನ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು ಎಂಬುದೂ ನೆನಪಿರಲಿ.

ಬಳಕೆಯ ಸಾಲು ಇನ್ನೂ ಮುಖ್ಯ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮನೆಗೆ ಕೊಡುತ್ತಿರುವ ಪ್ರಮಾಣಿತ ಪಾಲಿಸಿ ‘ಭಾರತ್ ಗೃಹ ರಕ್ಷಾ’. ಪಾಲಿಸಿ ಒಳ್ಳೆಯದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮರ ಬಿದ್ದು ಆಗುವ ಹಾನಿ ಎಲ್ಲ ಬರುತ್ತದೆ. ಕಾಂಪೌಂಡು, ಗೇಟು, ತಡೆಗೋಡೆ, ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್ ಕೂಡ ಕಟ್ಟಡದ ಭಾಗವೆಂದೇ ಲೆಕ್ಕ. ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಒಳಗಿನ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಆದರೆ ಇದು ವಾಸದ ಮನೆಗೆ ಬರೆದ ಪಾಲಿಸಿ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಅಥವಾ ಬಳಕೆ ಬದಲಾದರೆ ಕಂಪನಿಗೆ ಬರೆದು ತಿಳಿಸುವುದು ನಿಮ್ಮ ಹೊಣೆ. ತಿಳಿಸದೆ ಇದ್ದು ನಾಳೆ ಬೆಂಕಿ ಬಿದ್ದರೆ, ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನಿಮ್ಮ ಬುಕಿಂಗ್ ಪುಟವನ್ನು ಫೋನಿನಲ್ಲೇ ತೆರೆದು ನೋಡುತ್ತಾನೆ. ಜಗಳ ಶುರುವಾಗುವುದು ಅಲ್ಲಿಂದಲೇ.

ಆದ್ದರಿಂದ ‘ಇಷ್ಟು ಕೋಣೆ, ಹೋಮ್‌ಸ್ಟೇ ಬಳಕೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಇದು’ ಎಂದು ಇಮೇಲ್ ಮಾಡಿ, ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ) ಕೇಳಿ. ಏಜೆಂಟರ ಬಾಯಿಮಾತನ್ನು ನಂಬಬೇಡಿ. ಕಂಪನಿ ಆ ಪಾಲಿಸಿಯಲ್ಲೇ ನಮೂದಿಸಿಕೊಂಡರೆ ಸರಿ. ಇಲ್ಲವಾದರೆ, ಒಂದು ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರುವ ಉದ್ಯಮಗಳ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ಕ್ಕೆ ಹೋಗಿ. ಅಲ್ಲಿ ಒಂದು ಎಚ್ಚರ ಬೇಕು. ಗೃಹ ರಕ್ಷಾದಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದಕ್ಕೆ ಕಡಿತವಿಲ್ಲ. ಸೂಕ್ಷ್ಮದಲ್ಲಿ ಶೇ 15ರವರೆಗಿನ ಕೊರತೆಗೆ ಮಾತ್ರ ವಿನಾಯಿತಿ, ಅದಕ್ಕಿಂತ ಹೆಚ್ಚಿದ್ದರೆ ಕೊರತೆಯ ಪ್ರಮಾಣದಲ್ಲೇ ಕ್ಲೇಮಿನ ಹಣ ಕಡಿತ. 60 ಲಕ್ಷದ ಕಟ್ಟಡಕ್ಕೆ 40 ಲಕ್ಷ ಮಾಡಿಸಿ 9 ಲಕ್ಷ ನಷ್ಟವಾದರೆ ಸಿಗುವುದು 6 ಲಕ್ಷ. ಪ್ರೀಮಿಯಂ ಉಳಿಸಲು ಮೊತ್ತ ಇಳಿಸುವವರು ಬೀಳುವುದು ಇದೇ ಹೊಂಡಕ್ಕೆ.

ಇನ್ನು ಕೊಡಗಿನವರು ಕಣ್ಣಿಟ್ಟು ಓದಬೇಕಾದ ಜಾಗ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಭೂಕುಸಿತದಿಂದ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಭೂಕುಸಿತ ಪಾಲಿಸಿಯಲ್ಲಿ ಇದೆ, ನಿಜ. ಅದರ ಕೆಳಗೇ ಹೊರಗಿಟ್ಟ ಪಟ್ಟಿಯೂ ಇದೆ: ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು, ಮಣ್ಣು ತುಂಬಿಸಿ ಮಾಡಿದ ನೆಲದ ಸರಿತ, ನದಿ ದಂಡೆಯ ಕೊರೆತ, ಕೆಟ್ಟ ವಿನ್ಯಾಸ ಅಥವಾ ಕಳಪೆ ಕೆಲಸ, ಅಗೆತ ಮತ್ತು ನೆಲದ ಕಾಮಗಾರಿಯಿಂದ ಆದ ಹಾನಿ. ವ್ಯೂ ಸಿಗಲಿ ಎಂದು ಜೆಸಿಬಿ ತಂದು ಬರೆ (ಗುಡ್ಡದ ಇಳಿಜಾರು) ಕತ್ತರಿಸಿ, ಆ ಮಣ್ಣನ್ನೇ ಮುಂದಕ್ಕೆ ತುಂಬಿ, ಅದರ ಮೇಲೆ ಕಾಟೇಜು ಎಬ್ಬಿಸಿದವರಿಗೆ ಈ ಪಟ್ಟಿಯ ಎರಡು ಮೂರು ಸಾಲು ಒಟ್ಟಿಗೇ ಅನ್ವಯಿಸುತ್ತವೆ. ಬರೆ ಕತ್ತರಿಸಿದ್ದರೆ ತಡೆಗೋಡೆಯ ಎಂಜಿನಿಯರ್ ನಕ್ಷೆ, ನೀರು ಹೊರಹೋಗುವ ತೂತುಗಳ ಫೋಟೊ, ಗ್ರಾಮ ಪಂಚಾಯಿತಿಯ ಪರವಾನಗಿ ಒಂದೆಡೆ ಇಟ್ಟುಕೊಳ್ಳಿ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಗೋಡೆ ಮತ್ತು ಬರೆಯ ಫೋಟೊವನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಬಿರುಕು ಹಳೆಯದೋ ಹೊಸದೋ ಎಂಬ ವಾದ ಬಂದರೆ ನಿಮ್ಮ ಪರ ಮಾತಾಡುವುದು ಅದೊಂದೇ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮನೆ ಹೋದರೆ ಹೋಗುವುದು ಮನೆಯ ಬೆಲೆ. ಅತಿಥಿಯ ಜೀವಕ್ಕೆ ತೊಂದರೆಯಾದರೆ ಪರಿಹಾರ ಎಷ್ಟಾಗುತ್ತದೆ ಎಂದು ಮೊದಲೇ ಹೇಳಲಾಗದು, ಅದಕ್ಕೆ ತೋಟವೇ ಮಾರಬೇಕಾಗಬಹುದು. 2024ರ ನವೆಂಬರ್‌ನಲ್ಲಿ ಉಳ್ಳಾಲ ಬಳಿಯ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು, ಮಾಲೀಕರ ಬಂಧನವೂ ಆಯಿತು. ಬಂಧನ, ದಂಡ ಇವಕ್ಕೆ ಯಾವ ವಿಮೆಯೂ ಇಲ್ಲ. ಪರಿಹಾರದ ಹಣ ಮತ್ತು ವಕೀಲರ ಖರ್ಚಿಗೆ ಇರುವುದು ‘ಪಬ್ಲಿಕ್ ಲಯಬಿಲಿಟಿ’ ಪಾಲಿಸಿ, ಅಂದರೆ ಹೊರಗಿನವರಿಗೆ ಆದ ಹಾನಿಯ ಹೊಣೆಗೆ ಮಾಡಿಸುವ ವಿಮೆ, ಕೈಗಾರಿಕೇತರ ವಿಭಾಗದ್ದು. 1991ರ ಕಾಯ್ದೆಯ ಪ್ರಕಾರ ರಾಸಾಯನಿಕ ಕಾರ್ಖಾನೆಗಳು ಮಾಡಿಸುವುದು ಬೇರೆ, ಏಜೆಂಟರೂ ಅದನ್ನೂ ಇದನ್ನೂ ಕಲಸುವುದುಂಟು.

ಕೇಳುವಾಗ ಊಟ ತಿಂಡಿಯಿಂದಾಗುವ ತೊಂದರೆ ಮತ್ತು ಈಜುಕೊಳ, ಎರಡನ್ನೂ ಹೆಸರು ಹಿಡಿದು ಸೇರಿಸಿ. ಅವು ಹೆಚ್ಚುವರಿ ಕವರ್. ಮಿತಿಯನ್ನು ‘ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು’ ಎಂದು ಬರೆಯುತ್ತಾರೆ. 25 ಲಕ್ಷ ಮತ್ತು 1 ಕೋಟಿ ಎಂದಿದ್ದರೆ ಮೂವರಿಗೆ ಒಟ್ಟಿಗೆ ಅಪಾಯವಾದರೂ ಆ ಘಟನೆಗೆ 25 ಲಕ್ಷವೇ. ಹಾಗಾಗಿ ವರ್ಷದ ಮೊತ್ತ ನೋಡಿ ಸಮಾಧಾನಪಡದೆ ಒಂದು ಅಪಘಾತದ ಮಿತಿಯನ್ನು ಏರಿಸಿ. ಇನ್ನೊಂದು ವಿಷಯ: ಈ ಪಾಲಿಸಿ ಜಾರಿಯಲ್ಲಿರುವಾಗಲೇ ಕ್ಲೇಮು ಬರಬೇಕು. ಗ್ರಾಹಕರ ಆಯೋಗಕ್ಕೆ ಹೋಗಲು ಅತಿಥಿಗೆ 2 ವರ್ಷ ಸಮಯವಿದೆ. ಹೋಮ್‌ಸ್ಟೇ ನಿಲ್ಲಿಸಿದ ತಕ್ಷಣ ಪಾಲಿಸಿ ಬಿಟ್ಟರೆ ಹಳೆಯ ಘಟನೆಯ ನೋಟಿಸು ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ನವೀಕರಿಸುವಾಗ ಮೊದಲ ಪಾಲಿಸಿಯ ದಿನಾಂಕ ಮುಂದುವರಿದಿದೆಯೇ ಎಂದೂ ನೋಡಿ, ಪಾಲಿಸಿಯಲ್ಲಿ ಬರೆದ ಆ ದಿನಾಂಕಕ್ಕಿಂತ ಹಿಂದಿನ ಘಟನೆ ಅದರಡಿ ಬರುವುದಿಲ್ಲ.

ಕಾನೂನಿನ ಷರತ್ತನ್ನು ಗೊತ್ತಿದ್ದೂ ಮುರಿದರೆ ಲಯಬಿಲಿಟಿ ಪಾಲಿಸಿ ಹಣ ಕೊಡುವುದಿಲ್ಲ. ನೋಂದಣಿ ಇಲ್ಲದೆ ನಡೆಸುವುದು, ಅತಿಥಿಗಳ ಅಡುಗೆಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನ ಬದಲು ಮನೆಯ 14.2 ಕೆ.ಜಿ.ಯದನ್ನು ಬಳಸುವುದು, ಇವೆಲ್ಲ ಕಂಪನಿಯ ಕೈಗೆ ನೀವೇ ಕೊಡುವ ನೆಪಗಳು. ಗ್ಯಾಸ್ ಗೀಸರ್ ಇದ್ದರೆ ಇಂದೇ ಸ್ನಾನದ ಮನೆಯಿಂದ ಹೊರಗೆ ಹಾಕಿಸಿ. ಮಡಿಕೇರಿಯ ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರೆ, ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆಯೇ ಇಲ್ಲದ್ದರಿಂದ ಒಳಗಿದ್ದವರಿಗೆ ತಿಳಿಯುವುದಿಲ್ಲ. ಕೆಲಸದವರು ಲಯಬಿಲಿಟಿ ಪಾಲಿಸಿಗೆ ಬರುವುದಿಲ್ಲ, ಅವರಿಗೆ ಎಂಪ್ಲಾಯೀಸ್ ಕಾಂಪೆನ್ಸೇಶನ್ (ನೌಕರರ ಪರಿಹಾರ) ಪಾಲಿಸಿ ಪ್ರತ್ಯೇಕ.

ಕಳವಿನ ವಿಮೆ ಬಗ್ಗೆ ಹೆಚ್ಚು ಆಸೆ ಬೇಡ. ಬರ್ಗ್ಲರಿ ಪಾಲಿಸಿಗೆ ಬೀಗ ಮುರಿದ ಗುರುತು ಬೇಕು. ಬಲಪ್ರಯೋಗವಿಲ್ಲದ ಕಳವು ಅದರಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ. ನೀವೇ ಕೀಲಿ ಕೊಟ್ಟ ಅತಿಥಿ ಟಿ.ವಿ. ಒಯ್ದರೆ ಅದು ಈ ಪಾಲಿಸಿಯ ಮಾತಲ್ಲ. ಮುಂಗಡ ಠೇವಣಿ, ಗುರುತಿನ ಚೀಟಿಯ ಪ್ರತಿ, ಕೋಣೆಯ ಸಾಮಾನಿನ ಪಟ್ಟಿ ಇವೇ ಇದಕ್ಕೆ ಮದ್ದು.

ಆನ್‌ಲೈನ್ ಬುಕಿಂಗ್ ತಾಣ ಏರ್‌ಬಿಎನ್‌ಬಿ ಮೂಲಕ ಅತಿಥಿಗಳು ಬಂದರೆ ನಿಮಗೆ ಆ ಕಂಪನಿಯ ‘ಏರ್‌ಕವರ್’ ರಕ್ಷಣೆ ಇದೆ: ಹಾನಿಗೆ 30 ಲಕ್ಷ ಡಾಲರ್‌ವರೆಗೆ, ಹೊಣೆಗಾರಿಕೆಗೆ 10 ಲಕ್ಷ ಡಾಲರ್‌ವರೆಗೆ. ಹಾನಿಯ ಭಾಗ ವಿಮೆಯಲ್ಲ, ಕಂಪನಿಯ ಭರವಸೆ ಅಷ್ಟೇ. ಅತಿಥಿ ಹೋದ 14 ದಿನದೊಳಗೆ ಫೋಟೊ, ಬಿಲ್ಲಿನ ಜೊತೆ ಕೇಳಬೇಕು. ಸವೆತ, ನಗದು, ಪ್ರಕೃತಿ ವಿಕೋಪ ಇದರಲ್ಲಿ ಇಲ್ಲ. ಫೋನಿನಲ್ಲಿ ಬುಕ್ ಮಾಡಿ ಬಂದವರ ವಿಷಯದಲ್ಲಿ ಇದ್ಯಾವುದೂ ಇಲ್ಲ, ಕೊಡಗಿನಲ್ಲಿ ಅಂಥವರೇನು ಕಡಿಮೆಯೇ?

ಅತಿಥಿಗಳ ಕಡೆಯದು ಚಿಕ್ಕ ವಿಷಯ. ಆರೋಗ್ಯ ವಿಮೆ ಇದ್ದವರಿಗೆ ಆಸ್ಪತ್ರೆ ಖರ್ಚು ಅದರಲ್ಲೇ ಬರುತ್ತದೆ. ರ್‍ಯಾಫ್ಟಿಂಗ್‌ನಂಥ ಸಾಹಸ ಕ್ರೀಡೆಯನ್ನು ಆರೋಗ್ಯ ಪಾಲಿಸಿಯ ಪ್ರಮಾಣಿತ ಷರತ್ತು ಹೊರಗಿಡುವುದು ವೃತ್ತಿಪರರಾಗಿ ಭಾಗವಹಿಸಿದವರಿಗೆ ಮಾತ್ರ, ದುಬಾರೆಗೆ ಒಂದು ದಿನ ರ್‍ಯಾಫ್ಟಿಂಗ್‌ಗೆ ಬಂದವರಿಗಲ್ಲ. ಅಪಘಾತ ವಿಮೆಯ ಷರತ್ತು ಬೇರೆ ಇರಬಹುದು, ಓದಿಕೊಳ್ಳಲಿ. ಪ್ರವಾಸ ವಿಮೆ ಮಾಡಿಸಿದರೆ ಪ್ರಯಾಣ ರದ್ದಾದ ಹಣ ಪಾಲಿಸಿಯಲ್ಲಿ ಬರೆದ ಕಾರಣಗಳಿಗಷ್ಟೇ ಸಿಗುತ್ತದೆ. ಮಳೆ ನೋಡಿ ಮನಸ್ಸು ಬದಲಾಯಿಸಿದ್ದಕ್ಕೆ ಅಲ್ಲ.

ಮುಂದೆ ಮನೆಯನ್ನು ಬೇರೆಯವರಿಗೆ ಲೀಸಿಗೆ ಕೊಟ್ಟು ಅವರು ಹೋಮ್‌ಸ್ಟೇ ನಡೆಸುವುದಾದರೆ ಕರಾರಿನಲ್ಲೇ ಬರೆಸಿ: ಕಟ್ಟಡದ ವಿಮೆ ನಿಮ್ಮದು, ಅವರು ತಂದ ಮಂಚ, ಫ್ರಿಜ್ಜು, ಅಡುಗೆ ಸಾಮಾನಿನದು ಅವರದು, ಲಯಬಿಲಿಟಿ ಪಾಲಿಸಿಯಲ್ಲಿ ಇಬ್ಬರ ಹೆಸರೂ ಇರಲಿ. ಲೀಸಿನವರ ದೃಷ್ಟಿಯಿಂದಲೂ ಇದು ಬೇಕೇ ಬೇಕು. ಅವರ ಅಜಾಗ್ರತೆಯಿಂದ ಬೆಂಕಿ ಬಿದ್ದರೆ ಕಂಪನಿ ನಿಮಗೆ ಹಣ ಕೊಟ್ಟು, ಆಮೇಲೆ ಅದೇ ಹಣವನ್ನು ಅವರಿಂದ ವಸೂಲಿ ಮಾಡಲು ಬರಬಹುದು. ಆ ವಸೂಲಿ ಹಕ್ಕನ್ನು ಲೀಸುದಾರರ ವಿರುದ್ಧ ಬಳಸುವುದಿಲ್ಲ ಎಂಬ ಷರತ್ತನ್ನು ಕಟ್ಟಡದ ಪಾಲಿಸಿಯಲ್ಲಿ ಸೇರಿಸಲು ಕೇಳಿ.