ರಸ್ತೆ ಕೆಲಸಕ್ಕೆ ಬುಲ್ಡೋಜರ್ ಇರುವಾಗ ಗ್ರೇಡರ್ ಬೇರೆ ಯಾಕೆ ಬೇಕು?

ಬುಲ್ಡೋಜರ್ ಮಣ್ಣನ್ನು ರಾಶಿಗಟ್ಟಲೆ ದೂಡುತ್ತದೆ. ಗ್ರೇಡರ್ ಆ ಮಣ್ಣನ್ನು ಬೇಕಾದ ಮಟ್ಟಕ್ಕೆ ಸವರುತ್ತದೆ. ಎರಡರ ಕೆಲಸವೇ ಬೇರೆ.

ಗುಟ್ಟು ಇರುವುದು ಬ್ಲೇಡಿನ ಜಾಗದಲ್ಲಿ. ಬುಲ್ಡೋಜರಿನ ಬ್ಲೇಡು ಮೂತಿಯಲ್ಲೇ ಇರುತ್ತದೆ. ಯಂತ್ರ ದಿಬ್ಬ ಹತ್ತಿದರೆ ಅದೂ ಮೇಲೇಳುತ್ತದೆ. ಗ್ರೇಡರಿನಲ್ಲಿ ಬ್ಲೇಡು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುತ್ತದೆ, ಅಲ್ವಾ? ಮುಂದಿನ ಚಕ್ರ ದಿಬ್ಬ ಹತ್ತಿದರೂ ಬ್ಲೇಡು ಸುಮಾರು ಅರ್ಧದಷ್ಟೇ ಏಳುತ್ತದೆ. ಹೀಗೆ ಒಂದೊಂದು ಸುತ್ತಿಗೂ ಉಬ್ಬುತಗ್ಗು ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ಉಪಾಯ!

ಸಾಮಾನ್ಯವಾಗಿ 3.7ರಿಂದ 4.3 ಮೀಟರ್ ಉದ್ದದ ಈ ಬ್ಲೇಡನ್ನು ತಿರುಗಿಸಬಹುದು, ವಾಲಿಸಬಹುದು, ಪಕ್ಕಕ್ಕೂ ಚಾಚಬಹುದು. ಓರೆಯಾಗಿಟ್ಟರೆ ಮಣ್ಣು ಒಂದು ಬದಿಗೆ ಸಾಲಾಗಿ ಬೀಳುತ್ತದೆ. ಆಗ ಯಂತ್ರವೂ ಪಕ್ಕಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯಲು ಮುಂದಿನ ಚಕ್ರಗಳನ್ನು ವಾಲಿಸುತ್ತಾರೆ.

ನನ್ನ ಪ್ರಕಾರ ಗ್ರೇಡರಿನ ದೊಡ್ಡ ಉಪಕಾರ ಎಂದರೆ ಕ್ಯಾಂಬರ್, ಅಂದರೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಇದು ಸರಿಯಿಲ್ಲದಿದ್ದರೆ ನೀರು ನಿಲ್ಲುತ್ತದೆ. ನೀರು ನಿಂತ ರಸ್ತೆ ಬಾಳುವುದಿಲ್ಲ. ಜಲ್ಲಿ ಹರಡಲು, ಪಕ್ಕದ ಚರಂಡಿ ತೆಗೆಯಲು, ಮಣ್ಣಿನ ರಸ್ತೆ ರಿಪೇರಿಗೂ ಇದೇ ಯಂತ್ರ. ನೆಲ ತುಂಬಾ ಗಟ್ಟಿಯಿದ್ದರೆ ಮಾತ್ರ ಮೊದಲು ರಿಪ್ಪರ್ ಹಲ್ಲುಗಳಿಂದ ಸಡಿಲ ಮಾಡಿಕೊಳ್ಳಬೇಕು. ಸುಮ್ನೆ ಬ್ಲೇಡಿನಿಂದಲೇ ಕೆರೆದರೆ ಅದರ ಅಂಚು ಬೇಗ ಸವೆಯುತ್ತದೆ.