ಕೂಲಿ ಕೇಳಿದರೆ ತಾಳ್ಮೆ ಕೆಟ್ಟ ಹಾಗಾ?

ಪ್ರಶ್ನೆ: ಹೋದ ಸೀಸನ್‌ನಲ್ಲಿ ನಾನೂ ನನ್ನ ಸೊಸೆಯೂ ಪಕ್ಕದೂರಿನ ತೋಟದಲ್ಲಿ ಟೊಮೆಟೊ ಬಿಡಿಸಿದೆವು. ರೇಟು ಬಿದ್ದಿದೆ, ಆಮೇಲೆ ಕೊಡುತ್ತೇನೆ ಅಂತ ಮಾಲೀಕರು ಕೂಲಿ ನಿಲ್ಲಿಸಿದರು. ಅವರೂ ನಮ್ಮ ಚರ್ಚ್ ಸಭೆಯವರೇ. ಹಿರಿಯರೊಬ್ಬರಿಗೆ ಹೇಳಿಕೊಂಡೆ. ‘ಬೈಬಲ್‌ನಲ್ಲಿ ಯಾಕೋಬನ ಪತ್ರಿಕೆ ಓದಮ್ಮ, ರೈತ ಮಳೆಗೆ ಕಾಯುವ ಹಾಗೆ ತಾಳ್ಮೆಯಿಂದ ಕಾಯಿ’ ಅಂದರು. ಮತ್ತೆ ಹೋಗಿ ಕೇಳಿದರೆ ಪಾಪವಾ?
– ಒಬ್ಬ ತಾಯಿ, ಕೋಲಾರ ತಾಲ್ಲೂಕು

ಉತ್ತರ: ಇಲ್ಲಮ್ಮ, ಪಾಪವಲ್ಲ. ಧೈರ್ಯವಾಗಿ ಕೇಳಿ.

ಆ ಹಿರಿಯರು ಹೇಳಿದ್ದು ಐದನೇ ಅಧ್ಯಾಯದ ಏಳನೇ ವಚನ. ಅದೇ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಯಾಕೋಬ ಶುರು ಮಾಡುವುದೇ ಐಶ್ವರ್ಯವಂತರನ್ನು ಗದರಿಸುತ್ತಾ. ನಿಮ್ಮ ಹೊಲ ಕೊಯ್ದವರ ಕೂಲಿ ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಮೊರೆ ದೇವರ ಕಿವಿಗೆ ಮುಟ್ಟಿದೆ ಅನ್ನುತ್ತಾನೆ. ಅದು ನಾಲ್ಕನೇ ವಚನ. ತಾಳಿಕೊಳ್ಳಿ ಅನ್ನುವ ಮಾತು ಬರುವುದು ಇಷ್ಟೆಲ್ಲಾ ಆದಮೇಲೆ. ನಾಲ್ಕನ್ನು ಮುಚ್ಚಿಟ್ಟು ಏಳನ್ನು ಮಾತ್ರ ಕೂಲಿಯವರಿಗೆ ಓದಿ ಹೇಳುವುದು ನನಗೆ ತುಂಬಾ ನೋವಿನ ವಿಷಯ. ಮುಳಬಾಗಿಲು, ಬಂಗಾರಪೇಟೆ ಕಡೆ ಸಭಾಪಾಲಕನಾಗಿದ್ದಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಬಡವರಿಗೆ ತಾಳ್ಮೆಯ ಪ್ರಸಂಗ, ಉಳ್ಳವರಿಗೆ ಆಶೀರ್ವಾದದ ಪ್ರಸಂಗ.

ಇನ್ನು ಆ ರೈತ. ಅವನ ಇಸ್ರಾಯೇಲ್ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ಕೊನೆಯ ಮಳೆ ಮಾರ್ಚ್, ಏಪ್ರಿಲ್‌ನಲ್ಲಿ. ಅಷ್ಟು ತಿಂಗಳು ಅವನು ಸುಮ್ನೆ ಕೂತಿರುವುದಿಲ್ಲ. ಉಳುತ್ತಾನೆ, ಬಿತ್ತುತ್ತಾನೆ. ನಮ್ಮ ಕಡೆ ರಾಗಿ ಬಿತ್ತಿ, ಕುಂಟೆ ಹೊಡೆದು, ಕಳೆ ತೆಗೆದು, ಆಮೇಲೆ ಮೋಡ ನೋಡುತ್ತಾರಲ್ವಾ, ಹಾಗೆ. ಮಳೆ ತರಿಸುವುದು ಅವನಿಂದ ಆಗದು, ಅದಕ್ಕೇ ಕಾಯುತ್ತಾನೆ. ನಿಮ್ಮ ಕೂಲಿ ಮೋಡದಲ್ಲಿಲ್ಲ ತಾಯಿ, ಒಬ್ಬ ಮನುಷ್ಯನ ಕೈಯಲ್ಲಿದೆ. ಕೂಲಿಯವನ ಕೂಲಿಯನ್ನು ಅವತ್ತೇ, ಹೊತ್ತು ಮುಳುಗುವ ಮುಂಚೆ ಕೊಡಬೇಕು ಅಂತ ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದೆ.

ಮಾಲೀಕರ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ರೇಟು ಬಿದ್ದಾಗ ಹಣ್ಣನ್ನು ರಸ್ತೆ ಬದಿಗೆ ಸುರಿಯುವುದನ್ನು ಕೋಲಾರದವರೆಲ್ಲ ನೋಡಿದ್ದೇವೆ. ಆದರೆ 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಬಿಡಿಸಿದ ಹೆಂಗಸರನ್ನು ಕರೆದು ಯಾರಾದರೂ ಲಾಭದಲ್ಲಿ ಪಾಲು ಕೊಟ್ಟರಾ? ಹಾಗಿದ್ದಮೇಲೆ ನಷ್ಟವನ್ನು ಅವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಅದೇ ಅಧ್ಯಾಯದಲ್ಲಿ ತಾಳ್ಮೆಗೆ ಯಾಕೋಬ ತೋರಿಸುವುದು ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನನ್ನು. ಆ ಯೋಬ ಬಾಯಿ ಮುಚ್ಚಿಕೊಂಡಿದ್ದವನಾ? ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಜೊತೆಗೇ ವಾದಕ್ಕೆ ನಿಂತ. ಕೊನೆಗೆ ದೇವರು ಸಿಟ್ಟಾದದ್ದು ಅವನಿಗೆ ಬುದ್ಧಿ ಹೇಳಲು ಬಂದ ಸ್ನೇಹಿತರ ಮೇಲೆ! ಯೇಸುವಿನ ಸುವಾರ್ತೆ ಸಾರಿದ ಪೌಲನನ್ನೂ ನೋಡಿ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆ ಇಲ್ಲದೆ ಹೊಡೆಸಿ ಜೈಲಿಗೆ ಹಾಕಿದ್ದರು. ರಾತ್ರಿ ಅವನು ಅಲ್ಲೇ ಹಾಡಿದ. ಬೆಳಿಗ್ಗೆ ಗುಟ್ಟಾಗಿ ಕಳಿಸಲು ನೋಡಿದರೆ, ಆಗುವುದಿಲ್ಲ, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಅಂದ.

ಈಗ ಮಾಡಬೇಕಾದದ್ದು. ಕೆಲಸ ಮಾಡಿದ ದಿನಗಳು, ಬರಬೇಕಾದ ದುಡ್ಡು, ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ನೀವೇ ಹೋಗಿ ಮಾತಾಡಿ. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಕ್ರಮವೇ ಇದು. ಸಹೋದರನ ಮೇಲೆ ದೂರು ಕೊಡುತ್ತೀಯಾ ಅಂತ ಯಾರಾದರೂ ಪೌಲ ಕೊರಿಂಥದವರಿಗೆ ಬರೆದ ಪತ್ರಿಕೆ ತೆಗೆದರೆ, ಪೂರ್ತಿ ಓದಲು ಹೇಳಿ. ನ್ಯಾಯ ತೀರಿಸಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವಾ ಅಂತ ಪೌಲ ಅಲ್ಲಿ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಿಮ್ಮ ಹಿರಿಯರು. ಅವರೂ ಕೈಬಿಟ್ಟರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಫೋನ್ ಮಾಡುವುದಾದರೆ 15100.

ತಾಳ್ಮೆ ಬೇಡವಾ? ಬೇಕು, ಈ ದಾರಿಯಲ್ಲೇ ಜಾಸ್ತಿ ಬೇಕು. ಎರಡನೇ ಸಲ ಹೋದಾಗಲೂ ದನಿ ಏರಿಸದಿರಲು. ಅವರ ಮಕ್ಕಳ ಮುಂದೆ ಅವರ ಮರ್ಯಾದೆ ತೆಗೆಯದಿರಲು. ರಾತ್ರಿ ಮಂಡಿಯೂರಿದಾಗ ಅವರಿಗೆ ಕೆಟ್ಟದ್ದಾಗಲಿ ಅಂತ ಬೇಡದಿರಲು. ಇದು ನಮ್ಮ ಸ್ವಂತ ಶಕ್ತಿಯಿಂದ ಆಗುವ ಕೆಲಸವಲ್ಲ, ಪವಿತ್ರಾತ್ಮನನ್ನು ಕೇಳಿ. ನಾನೂ ನಿಮಗಾಗಿ ಪ್ರಾರ್ಥಿಸುತ್ತೇನೆ.

ಪ್ರಶ್ನೆ: ಅಪ್ಪ ಗಣಿಯಲ್ಲಿ ಕೆಲಸ ಮಾಡಿದವರು. ಈಗ ಮರೆವಿನ ಕಾಯಿಲೆ. ಮಧ್ಯರಾತ್ರಿ ಎದ್ದು ‘ಶಿಫ್ಟ್‌ಗೆ ಹೊತ್ತಾಯಿತು’ ಅಂತ ಬಾಗಿಲು ತೆಗೆಯುತ್ತಾರೆ. ಗಣಿ ಮುಚ್ಚಿದೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಕಿರುಚಿಬಿಡುತ್ತೇನೆ, ಆಮೇಲೆ ಅಳುತ್ತೇನೆ. ನನ್ನ ವಿಶ್ವಾಸ ಕಮ್ಮಿಯಾಗಿದೆಯಾ?
– ಮಗಳು, ಕೆಜಿಎಫ್

ಉತ್ತರ: ನಿಮಗೆ ಕಮ್ಮಿಯಾಗಿರುವುದು ನಿದ್ದೆ. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವರು ಬೈಯಲಿಲ್ಲ. ಮಲಗಲು ಬಿಟ್ಟ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ಪ್ರಶ್ನೆ ಕೇಳಿದ್ದು ಆಮೇಲೆ.

ಅಪ್ಪನ ಜೊತೆ ವಾದ ಬೇಡ. ಗಣಿ 2001ರಲ್ಲಿ ಮುಚ್ಚಿದ್ದು ನಿಮಗೆ ಗೊತ್ತು, ಅವರ ಪಾಲಿಗೆ ಇನ್ನೂ ಸೈರನ್ ಆಗುತ್ತಿದೆ. ‘ಇವತ್ತು ರಜೆ ಅಪ್ಪ’ ಅಂತ ಕೈ ಹಿಡಿದು ಕೂರಿಸಿ. ರಾತ್ರಿ ಓಡಾಟ ಜಾಸ್ತಿಯಾಗಿದ್ದರೆ ಡಾಕ್ಟರಿಗೆ ಹೇಳಿ. ಅಣ್ಣ ತಮ್ಮಂದಿರಿದ್ದರೆ ವಾರದಲ್ಲಿ ಎರಡು ರಾತ್ರಿ ಅವರು ಬಂದು ಮಲಗಲಿ, ಸಂಕೋಚ ಬಿಟ್ಟು ಕೇಳಿ. ಭಾನುವಾರ ಮಧ್ಯಾಹ್ನ ಅಪ್ಪನ ಹತ್ತಿರ ಕೂರಲು ಸ್ತ್ರೀ ಸಭೆಯಿಂದ ಒಬ್ಬರನ್ನು ಕರೆದು, ನೀವು ಬಾಗಿಲು ಹಾಕಿಕೊಂಡು ಮಲಗಿ.