ಓದುಗರ ಪ್ರಶ್ನೆ: ಬೆಳೆಯೊಳಗಿನ ಚಕ್ರಗಳು

ಪ್ರಶ್ನೆ: ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಪೈರು ದುಂಡಗೆ ಮಲಗಿ ರಾತ್ರೋರಾತ್ರಿ ಮೂಡುವ ಚಕ್ರಗಳನ್ನು ಮನುಷ್ಯರೇ ಮಾಡುತ್ತಾರೆಯೇ? ಅಷ್ಟು ದೊಡ್ಡದನ್ನು ಕತ್ತಲಲ್ಲಿ ಹೇಗೆ ಮಾಡಲು ಸಾಧ್ಯ?
– ಓದುಗರೊಬ್ಬರು, ಧಾರವಾಡ

ಉತ್ತರ: ಲೆಕ್ಕ ಹಾಕಿ ನೋಡೋಣ. 20 ಮೀಟರ್ ತ್ರಿಜ್ಯದ ವೃತ್ತ ಎಂದರೆ ಸುಮಾರು 1,256 ಚದರ ಮೀಟರ್. ನಾಲ್ಕಡಿ, ಅಂದರೆ 1.2 ಮೀಟರ್ ಉದ್ದದ ಹಲಗೆಯ ಎರಡೂ ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕೈಯಲ್ಲಿ ಎತ್ತಿ ಹಿಡಿದು, ಒಂದು ಪಾದದಿಂದ ಹಲಗೆ ಒತ್ತುತ್ತ ನಡೆದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ನಡಿಗೆಯಲ್ಲಿ ವೃತ್ತವೆಲ್ಲ ಮಲಗುತ್ತದೆ. ನಿಧಾನಕ್ಕೆ ಹೋದರೂ ಒಬ್ಬನಿಗೆ ಒಂದೆರಡು ಗಂಟೆಯ ಕೆಲಸ. ಅಲ್ಲಿನ ಬೇಸಿಗೆಯಲ್ಲಿ ಗಾಢ ಕತ್ತಲು ಇರುವುದು ಕೆಲವೇ ಗಂಟೆ, ನಿಜ. ಅದಕ್ಕೇ ದೊಡ್ಡ ವಿನ್ಯಾಸಗಳಿಗೆ ನಾಲ್ಕಾರು ಜನ ಸೇರುತ್ತಾರೆ, ನಕ್ಷೆಯನ್ನು ಮೊದಲೇ ಕಾಗದದ ಮೇಲೆ ಅಳತೆ ಸಮೇತ ಬರೆದಿಟ್ಟುಕೊಂಡಿರುತ್ತಾರೆ.

1991ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ನಿನ ಡಗ್ ಬೋವರ್ ಮತ್ತು ಡೇವ್ ಚೋರ್ಲಿ, 1970ರ ದಶಕದಿಂದ ತಾವೇ ಇದನ್ನು ಮಾಡುತ್ತಿದ್ದೇವೆ ಎಂದು ಬ್ರಿಟನ್ನಿನ ‘ಟುಡೇ’ ಪತ್ರಿಕೆಗೆ ಹೇಳಿದರು. ಹಲಗೆ, ಹಗ್ಗ, ಟೋಪಿಗೆ ಸಿಕ್ಕಿಸಿದ ತಂತಿಯ ಉಂಗುರ: ಇಷ್ಟೇ ಅವರ ಸಲಕರಣೆ. ಉಂಗುರದ ಮೂಲಕ ದೂರದ ಗುರುತೊಂದನ್ನು ನೋಡುತ್ತ ನಡೆದರೆ ಗೆರೆ ನೇರ ಬರುತ್ತದೆ. ಪತ್ರಿಕೆ ಅವರಿಂದ ಒಂದು ಚಕ್ರ ಮಾಡಿಸಿ, ಚಕ್ರಗಳ ಪರಿಣತರೆನಿಸಿದ್ದ ಪ್ಯಾಟ್ ಡೆಲ್ಗಾಡೊ ಅವರಿಗೆ ತೋರಿಸಿತು. ಇದು ಮನುಷ್ಯರ ಕೈಕೆಲಸವಲ್ಲ ಎಂದುಬಿಟ್ಟರು ಅವರು!

ಪ್ರಶ್ನೆ: ಹೊಸ ಚಕ್ರವೊಂದನ್ನು ಪರಿಶೀಲಿಸುವ ಸರಿಯಾದ ಕ್ರಮ ಯಾವುದು? ಮಲಗಿದ ದಂಟಿನ ಗೆಣ್ಣುಗಳು ಉದ್ದವಾಗಿದ್ದರೆ ಅದು ವಿಕಿರಣದ ಗುರುತೆಂದು ಓದಿದ್ದೇನೆ.
– ವಿಜ್ಞಾನ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹೊಲದವರ ಒಪ್ಪಿಗೆ ಪಡೆದ ಮೇಲೂ ನೇರ ಒಳಗೆ ನುಗ್ಗಬಾರದು. ಮೊದಲು ಡ್ರೋನಿನಿಂದ ಮೇಲಿನ ಚಿತ್ರ. ನೋಡಲು ಬಂದವರ ಕಾಲ್ತುಳಿತಕ್ಕೆ ಮೊದಲ ದಿನವೇ ಅರ್ಧ ಸಾಕ್ಷಿ ಹೋಗಿರುತ್ತದೆ. ಒಳಗೆ ಹೋಗುವಾಗ ಟ್ರ್ಯಾಕ್ಟರ್ ಗಾಲಿಯ ಜಾಡನ್ನೇ ಹಿಡಿಯಿರಿ. ಔಷಧಿ ಹೊಡೆಯುವ ಯಂತ್ರಕ್ಕಾಗಿ ಬಿಟ್ಟ ಈ ಬರಿನೆಲದ ಜಾಡುಗಳು ಅಲ್ಲಿನ ಹೊಲಗಳಲ್ಲಿ ಸಾಮಾನ್ಯವಾಗಿ 12ರಿಂದ 36 ಮೀಟರಿಗೊಂದು ಇರುತ್ತವೆ. ‘ಒಳಗೆ ಹೋದ ಹೆಜ್ಜೆಗುರುತೇ ಇಲ್ಲ’ ಎಂಬ ಅಚ್ಚರಿಗೆ ಕಾರಣ ಈ ಜಾಡು. ಚಕ್ರ ಯಾವ ಜಾಡನ್ನೂ ಮುಟ್ಟದೆ ಬೆಳೆಯ ನಡುವೆ ನಿಂತಿದ್ದರೆ ಮಾತ್ರ ಹೆಚ್ಚು ಹೊತ್ತು ಕೊಡಿ.

ಆಮೇಲೆ ನಡುವಿನ ಬಿಂದು. ಮಲಗಿದ ದಂಟನ್ನು ಮೆಲ್ಲನೆ ಸರಿಸಿ, ವೃತ್ತ ಎಳೆಯಲು ಹಗ್ಗ ಕಟ್ಟಿ ನೆಟ್ಟ ಗೂಟದ ತೂತು ಇದೆಯೇ ನೋಡಿ. ತೂತಿಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. ಟೇಪಿನ ತುದಿ ಹಿಡಿದು ಒಬ್ಬ ನಿಂತರೂ ಸಾಕು. ಟೇಪಿನಿಂದ ಒಂದಕ್ಕೊಂದು ಲಂಬವಾದ ಎರಡು ವ್ಯಾಸ ಅಳೆಯಿರಿ. ವ್ಯತ್ಯಾಸ ದೊಡ್ಡದಿದ್ದರೆ ಹಿಗ್ಗುವ ಹಗ್ಗ ಬಳಸಿದ್ದಾರೆಂಬ ಅನುಮಾನಕ್ಕೆ ಜಾಗವಿದೆ. ಮಲಗಿದ ಪದರದ ಅಡಿಯಲ್ಲಿ ಬೇರೆ ದಿಕ್ಕಿಗೆ ಬಿದ್ದ ಕಿರಿದಾದ ಗೆರೆ ಸಿಕ್ಕರೆ, ಅದು ವಿನ್ಯಾಸ ಗುರುತಿಸಲು ಮೊದಲು ತುಳಿದ ದಾರಿ. ಇಡೀ ಹೊಲದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಇನ್ನು ಗೆಣ್ಣು. ಗೋಧಿಯ ದಂಟನ್ನು ಹೇಗೇ ಮಲಗಿಸಿ, ಜೀವವಿದ್ದರೆ ಅದು ಮತ್ತೆ ಮೇಲೇಳಲು ನೋಡುತ್ತದೆ. ಗೆಣ್ಣಿನ ಕೆಳಬದಿಯ ಜೀವಕೋಶಗಳು ಹಿಗ್ಗಿ, ಒಂದೆರಡು ದಿನಗಳಲ್ಲೇ ಅಲ್ಲಿ ಬಾಗು ಕಾಣಿಸುತ್ತದೆ. ಹಾಗಾಗಿ ಗೆಣ್ಣು ಉದ್ದವಾಗಲು ವಿಕಿರಣ ಬೇಕಿಲ್ಲ, ಮಲಗಿದರೆ ಸಾಕು. ಪರೀಕ್ಷಿಸಲೇಬೇಕೆಂದರೆ ನಾಲ್ಕು ಗುಂಪು ಮಾಡಿ: ಚಕ್ರದ ಒಳಗಿನವು, ಅದೇ ಹೊಲದಲ್ಲಿ ನಿಂತಿರುವವು, ಗಾಳಿಗೆ ಒರಗಿದವು, ನೀವೇ ಹಲಗೆಯಿಂದ ಒತ್ತಿ ಅಷ್ಟೇ ದಿನ ಬಿಟ್ಟವು. ಒಂದೊಂದರಿಂದ ಕನಿಷ್ಠ 20 ದಂಟು, ಎಲ್ಲದರಲ್ಲೂ ತೆನೆಯಿಂದ ಕೆಳಗೆ ಎಣಿಸಿದ ಅದೇ ಗೆಣ್ಣು. ಅಳೆಯುವವರಿಗೆ ಯಾವುದು ಎಲ್ಲಿಯದೆಂದು ಗೊತ್ತಿರಬಾರದು. ಚೀಟಿಯಲ್ಲಿ ಬರೀ ಅಂಕಿ ಇರಲಿ. ಕೊನೆಯ ಎರಡು ಗುಂಪುಗಳನ್ನು ಬಿಟ್ಟು ನಿಂತ ಪೈರಿನೊಂದಿಗೆ ಮಾತ್ರ ಹೋಲಿಸಿದರೆ ಎಲ್ಲ ಚಕ್ರವೂ ‘ನಿಗೂಢ’ವೇ ಆಗುತ್ತದೆ.

‘ಹಲಗೆಯಾದರೆ ದಂಟು ಮುರಿಯಬೇಕಿತ್ತು’ ಎಂಬ ವಾದವೂ ಇದೆ. ಹಸಿ ದಂಟು ಬುಡದಲ್ಲಿ ಬಾಗುತ್ತದೆ, ಕೊಯ್ಲಿಗೆ ಬಂದ ಒಣ ದಂಟು ಮುರಿಯುತ್ತದೆ. ಚಕ್ರ ಮೂಡಿದ ತಿಂಗಳು ಕೇಳಿದರೆ ಉತ್ತರ ಸಿಕ್ಕಿತು.

ಪ್ರಶ್ನೆ: 1678ರಲ್ಲೇ ಇಂಥ ಚಕ್ರ ಕಂಡಿತ್ತಂತೆ?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಮಾತಿನ ಮೂಲ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಘಟನೆಯೆಂದು ಆ ವರ್ಷ ಅಚ್ಚಾದ ಕರಪತ್ರವೊಂದು. ಅದರಲ್ಲಿ ದೆವ್ವ ಓಟ್ಸ್ ಪೈರನ್ನು ಕೊಯ್ದಿದೆ, ಮಲಗಿಸಿಲ್ಲ. ಕೂಲಿಯ ಜಗಳದ ಕಥೆ ಅದು.

ಪ್ರಶ್ನೆ: ನಮ್ಮ ಭತ್ತದ ಗದ್ದೆಯ ನಡುವೆ ದುಂಡಗೆ ಒಂದು ಜಾಗ ಸುಟ್ಟಂತಾಗಿದೆ. ಊರವರು ಏನೇನೋ ಹೇಳುತ್ತಿದ್ದಾರೆ.
– ರೈತರೊಬ್ಬರು, ಗಂಗಾವತಿ

ಉತ್ತರ: ಊರವರ ಮಾತು ಬಿಡಿ, ಇವತ್ತೇ ಗದ್ದೆಗಿಳಿಯಿರಿ. ಸುಟ್ಟ ಜಾಗದ ನಡುವಲ್ಲ, ಅದರ ಅಂಚಿನಲ್ಲಿ ಇನ್ನೂ ಹಸಿರಿರುವ ಪೈರನ್ನು ಅಗಲಿಸಿ ಬುಡ ನೋಡಿ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕಂದು ಬಣ್ಣದ ಸಣ್ಣ ಹುಳುಗಳು ಗುಂಪುಗಟ್ಟಿದ್ದರೆ ಅದು ಕಂದು ಜಿಗಿಹುಳು. ಒಂದು ಕಡೆ ರಸ ಹೀರಿ ಸುತ್ತಲೂ ಹರಡುವುದರಿಂದಲೇ ಒಣಗುವ ಜಾಗ ದುಂಡಗಿರುತ್ತದೆ. ಗದ್ದೆಯ ನೀರನ್ನು ಮೂರ್ನಾಲ್ಕು ದಿನ ಬಸಿಯಿರಿ, ಯೂರಿಯಾ ನಿಲ್ಲಿಸಿ. ಔಷಧಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ತನ್ನಿ, ಬುಡಕ್ಕೆ ತಾಗುವಂತೆ ಹೊಡೆಯಿರಿ. ಎಲೆಯ ಮೇಲೆ ಹೊಡೆದದ್ದು ದಂಡ. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಮಾತ್ರ ಬೇಡ. ಜಿಗಿಹುಳುವನ್ನು ತಿನ್ನುವ ಜೇಡ, ಮಿರಿಡ್ ತಿಗಣೆ ಸತ್ತು, ಹುಳು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಮುಂದಿನ ನಾಟಿಯಲ್ಲಿ ಎರಡು-ಮೂರು ಮೀಟರಿಗೊಮ್ಮೆ ಒಂದಡಿ ಅಗಲದ ಓಣಿ ಬಿಡಿ, ಬುಡಕ್ಕೆ ಗಾಳಿ-ಬೆಳಕು ಸಿಗುತ್ತದೆ.

ಬುಡದಲ್ಲಿ ಹುಳುವಿಲ್ಲದೆ, ಪೈರು ಹಸಿರಾಗಿದ್ದು ಒಂದೇ ದಿಕ್ಕಿಗೆ ಬಿದ್ದಿದ್ದರೆ ಅದು ಗಾಳಿ-ಮಳೆಗೆ ಒರಗಿದ್ದು. ಕಾಳು ಬಲಿತಿದ್ದರೆ ನೀರು ಬಸಿದು ಬೇಗ ಕೊಯ್ಯಿರಿ, ತೆನೆ ನೀರಲ್ಲಿದ್ದರೆ ಮೊಳಕೆ ಬರುತ್ತದೆ.